ಒಂದೂಕಾಲು ಗಂಟೆಯ ದಾರಿ

ದುರ್ಗಿಗುಡಿಯ ಸುದರ್ಶನ ಭಟ್ಟರು ವಿಮಾನ ಹತ್ತುತ್ತಾರೆ ಎಂಬ ಸುದ್ದಿ, ಅವರು ಹತ್ತುವುದಕ್ಕೆ ಹದಿನೈದು ದಿನ ಮೊದಲೇ ಗಾಂಧಿ ಬಜಾರಿನ ತುದಿ ಮುಟ್ಟಿತ್ತು. ಮುಟ್ಟಿಸಿದವರು ಬೇರೆ ಯಾರೂ ಅಲ್ಲ, ಸ್ವತಃ ಭಟ್ಟರೇ. ಗ್ರಂಥಿಗೆ ಅಂಗಡಿಯಲ್ಲಿ ಅರಿಸಿನ ಕುಂಕುಮ ಕಟ್ಟಿಸುವಾಗ, ಹೂವಿನವಳ ಹತ್ತಿರ ಚೌಕಾಸಿ ಮಾಡುವಾಗ, ಕೋಟೆಯ ದೇವಸ್ಥಾನದಲ್ಲಿ ತೀರ್ಥಕ್ಕೆ ಕೈಯೊಡ್ಡಿ ನಿಂತಾಗಲೂ ಅದೇ ಮಾತು.

"ಶಿವಮೊಗ್ಗದಿಂದ ಹೈದರಾಬಾದಿಗೆ ಆಕಾಶದಲ್ಲಿ ನಾನೂರ ಎಂಬತ್ತು ಕಿಲೋಮೀಟರ್ ಅಷ್ಟೇ ಕಣ್ರೀ. ಒಂದೂಕಾಲು ಗಂಟೆ. ಅಷ್ಟು ಹೊತ್ತಿಗೆ ನಮ್ಮ ಸಾಗರದ ಬಸ್ಸು ಆನಂದಪುರನೂ ದಾಟಿರಲ್ಲ!"

ಹೈದರಾಬಾದಿನಲ್ಲಿ ನೆಲೆಸಿದ ಕನ್ನಡದ ಮನೆಯೊಂದರವರು ಹೊಸ ಬಂಗಲೆ ಕಟ್ಟಿಸಿದ್ದರು. ಗೃಹಪ್ರವೇಶಕ್ಕೆ ನಮ್ಮ ಕಡೆಯ ಪುರೋಹಿತರೇ ಆಗಬೇಕೆಂದು ಹಟ ಹಿಡಿದು, ವಿಮಾನದ ಟಿಕೆಟ್ಟನ್ನೂ ತಾವೇ ಮಾಡಿಸಿ ಕಳಿಸಿದ್ದರು. ನಲವತ್ತಾರು ವರ್ಷದ ಭಟ್ಟರು ಅದುವರೆಗೆ ವಿಮಾನವನ್ನು ಕತ್ತೆತ್ತಿ ನೋಡಿದ್ದೇ ಹೊರತು ಒಳಗೆ ಕಾಲಿಟ್ಟವರಲ್ಲ. ಸಂಭ್ರಮ ಪಟ್ಟರೆ ತಪ್ಪೇನು ಹೇಳಿ. ಆದರೆ ಅವರ ಹೆಂಡತಿ ವಿಮಲಾಗೆ ಎಂಟೇ ದಿನದಲ್ಲಿ ಸಾಕುಸಾಕಾಗಿಹೋಯಿತು.

"ಸಹಸ್ರನಾಮ ದಿನಕ್ಕೊಂದು ಸಲ ಹೇಳ್ತೀರಿ. ಇದನ್ನು ಹತ್ತು ಸಲ ಹೇಳ್ತೀರಲ್ರೀ," ಎಂದಳು ದೋಸೆ ಮಗುಚುತ್ತ.

"ನಿಂಗೆ ಹೊಟ್ಟೆಕಿಚ್ಚು."

"ಹೂಂ, ಹೊಟ್ಟೆಕಿಚ್ಚು. ನಿಮ್ಮ ರೇಷ್ಮೆ ಮಡಿ ಒಗೆದು ಇಸ್ತ್ರಿಗೆ ಕೊಟ್ಟವಳು ನಾನೇ ಅಲ್ವಾ."

ಮಗಳು ಕವನಾ ಬಿ.ಕಾಂ. ಓದುವವಳು, ಅಪ್ಪನ ಟಿಕೆಟ್ಟಿನ ವಿಷಯವೆಲ್ಲ ಅವಳ ಫೋನಿನಲ್ಲೇ. ಅವಳು ನಕ್ಕಳು. ನಗದೆ ಉಳಿದವರು ಒಬ್ಬರೇ, ಭಟ್ಟರ ತಂದೆ ಗಣಪಯ್ಯ ಮೇಷ್ಟ್ರು.

ಮೇಷ್ಟ್ರು ಸಂಸ್ಕೃತ ಪಾಠ ಹೇಳಿ ನಿವೃತ್ತರಾದವರು. ಪಾಠದ ಜೊತೆಗೆ ಪೌರೋಹಿತ್ಯವನ್ನೂ ಮಾಡಿಕೊಂಡು ಬಂದವರು. ಭದ್ರಾವತಿಯ ಪೌರೋಹಿತ್ಯದ ಮನೆಗಳೆಲ್ಲ ಅವರ ಕಾಲದಿಂದ ಬಂದವು. ಈಗ ಮಗ ನೋಡಿಕೊಳ್ಳುತ್ತಿದ್ದರು. ಮೇಷ್ಟ್ರ ಊಟವೆಂದರೆ ಆ ಮನೆಯಲ್ಲಿ ದೊಡ್ಡ ಬಾಬತ್ತು. ಒಂದೊಂದು ತುತ್ತನ್ನೂ ಅಗಿದು, ನಿಲ್ಲಿಸಿ, ಮಜ್ಜಿಗೆಗೆ ಬರುವ ಹೊತ್ತಿಗೆ ಉಳಿದವರು ಕೈತೊಳೆದು ಒಂದು ನಿದ್ದೆ ಮುಗಿಸಬಹುದು. ವಿಮಲಾ ಸೊಸೆಯಾಗಿ ಬಂದ ಹೊಸದರಲ್ಲಿ ಅಡಿಗೆ ತಣ್ಣಗಾಗುತ್ತದೆಂದು ಗೊಣಗಿದ್ದುಂಟು. ಈಗ ಅಭ್ಯಾಸವಾಗಿದೆ.

ಅಂದು ಮಧ್ಯಾಹ್ನವೂ ಹಾಗೇ ಸಾವಕಾಶವಾಗಿ ಸಾರನ್ನ ಕಲಸುತ್ತ ಮೇಷ್ಟ್ರು ಕೇಳಿದರು. "ಅಲ್ವೋ ಸುದರ್ಶನ, ನೀನು ಹೊರಡೋದು ದ್ವಾದಶಿ ದಿನ. ಅವತ್ತು ಭದ್ರಾವತಿಯಲ್ಲಿ ಜೋಯಿಸರ ವರ್ಷಾಬ್ದಿಕ ಇದೆಯಲ್ಲ?"

"ಅದನ್ನು ಮುಗಿಸಿಕೊಂಡೇ ಹೋಗೋದು ಅಪ್ಪ. ಭದ್ರಾವತಿಯಿಂದ ಸೋಗಾನೆ ಏರ್‌ಪೋರ್ಟು ಎಷ್ಟು ದೂರ? ವಿಮಾನ ಎರಡೂವರೆಗೆ. ಸಂಜೆ ಅಲ್ಲಿ ವಾಸ್ತುಹೋಮ, ಬೆಳಿಗ್ಗೆ ಗೃಹಪ್ರವೇಶ. ಎಲ್ಲ ಲೆಕ್ಕ ಹಾಕಿದೀನಿ."

"ಮೊದಲ ವರ್ಷದ ಶ್ರಾದ್ಧ ಕಣೋ. ಬ್ರಾಹ್ಮಣಾರ್ಥಕ್ಕೆ ಯಾರು ಕೂರ್ತಾರೆ?"

ಶ್ರಾದ್ಧದಲ್ಲಿ ಇಬ್ಬರು ಬ್ರಾಹ್ಮಣರು ಎಲೆಯ ಮುಂದೆ ಕೂರಬೇಕು. ಒಬ್ಬರು ದೇವರ ಸ್ಥಾನಕ್ಕೆ, ಇನ್ನೊಬ್ಬರು ಪಿತೃಸ್ಥಾನಕ್ಕೆ, ಅಂದರೆ ತೀರಿಕೊಂಡವರ ಜಾಗಕ್ಕೆ. ಪಿತೃಸ್ಥಾನದಲ್ಲಿ ಕೂತವನ ಬಾಯಿಂದಲೇ ಹೋದವರು ಉಣ್ಣುತ್ತಾರೆಂಬುದು ನಂಬಿಕೆ. ಹಾಗೆ ಉಂಡವನು ಆ ದಿನ ಮತ್ತೆ ಉಣ್ಣುವಂತಿಲ್ಲ, ಪ್ರಯಾಣ ಹೋಗುವಂತಿಲ್ಲ, ಹೋಮ ಮಾಡುವಂತಿಲ್ಲ. ಈಗಿನ ಕಾಲದಲ್ಲಿ ಇಷ್ಟೆಲ್ಲ ಕಟ್ಟುಪಾಡಿಗೆ ಒಪ್ಪಿ ಕೂರುವವರು ಸಿಗುವುದೇ ಕಷ್ಟ. ಭಟ್ಟರಿಗೆ ಒಬ್ಬ ಮುದುಕ ಉಪಾಧ್ಯರು ಸಿಕ್ಕಿದ್ದರು. ಇನ್ನೊಬ್ಬರು ಸಿಕ್ಕಿರಲಿಲ್ಲ.

"ನಾನು ಬರ್ತೀನಿ ಬೇಕಾದ್ರೆ," ಎಂದರು ಮೇಷ್ಟ್ರು. "ಜೋಯಿಸರು ನನಗೆ ಬೇಕಾದವರು. ಅವರ ಎಲೆಗೆ ನಾನು ಕೂತರೆ ಅವರ ಹೆಂಡತಿಗೂ ಸಮಾಧಾನ."

ಭಟ್ಟರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಅಪ್ಪ ಎಲೆಯ ಮುಂದೆ ಕೂತರೆ ಎರಡೂವರೆಯ ವಿಮಾನವಿರಲಿ, ಸಂಜೆಯ ರೈಲೂ ಸಿಗಲಾರದು.

"ನಿಮಗ್ಯಾಕೆ ಆಯಾಸ ಅಪ್ಪ? ಇಬ್ಬರೂ ಸಿಕ್ಕಿದಾರೆ. ಎಲ್ಲ ವ್ಯವಸ್ಥೆ ಆಗಿದೆ," ಎಂದುಬಿಟ್ಟರು. ಬಾಯಿಂದ ಅಷ್ಟು ಸಲೀಸಾಗಿ ಸುಳ್ಳು ಹೊರಟಿದ್ದು ಅವರಿಗೇ ಆಶ್ಚರ್ಯವಾಯಿತು. ಇನ್ನೊಬ್ಬರು ಸಿಗದಿದ್ದರೆ ತಾನೇ ಕೂತರಾಯಿತು, ಬೇಗ ಉಂಡು ಏಳುವುದು ತನ್ನ ಕೈಯಲ್ಲೇ ಇದೆಯಲ್ಲ ಎಂಬ ಯೋಚನೆ ಆಗಲೇ ತಲೆಯ ಮೂಲೆಯಲ್ಲಿ ಕೂತಿತ್ತು.

ದ್ವಾದಶಿಯ ದಿನ ಭದ್ರಾವತಿ ನ್ಯೂಟೌನಿನ ಜೋಯಿಸರ ಮನೆಗೆ ಭಟ್ಟರು ಹೋದಾಗ ಸೊಸೆ ಸ್ಫೂರ್ತಿ ಒದ್ದೆ ಸೀರೆಯಲ್ಲೇ ಒಲೆಯ ಮುಂದಿದ್ದಳು. ತಾನು ಪಾಠ ಹೇಳುವ ಶಾಲೆಗೆ ರಜೆ ಹಾಕಿ, ನಸುಕಿನಲ್ಲೇ ತಲೆಗೆ ನೀರು ಹಾಕಿಕೊಂಡು, ಶ್ರಾದ್ಧಕ್ಕೆ ಕೂಡದ ಮೆಣಸಿನಕಾಯಿ ಇಂಗು ಯಾವುದನ್ನೂ ಮುಟ್ಟದೆ ಬರೀ ಕಾಳುಮೆಣಸಿನಲ್ಲಿ ಅಡಿಗೆಗೆ ಇಳಿದಿದ್ದಳು. ಅತ್ತೆ ಸುಬ್ಬಲಕ್ಷ್ಮಿ ಬಾಗಿಲ ಪಕ್ಕ ಕೂತು ಪ್ರತಿಯೊಂದಕ್ಕೂ ಹೀಗೆ ಮಾಡು, ಹಾಗೆ ಮಾಡು ಎಂದು ಹೇಳಿಕೊಡುತ್ತಿದ್ದರು. ಮಗ ಸುಘೋಷ ಮಡಿಯುಟ್ಟು ದರ್ಭೆ ಹಿಡಿದು ಸಿದ್ಧನಾಗಿದ್ದ.

"ಇಷ್ಟು ಬೇಗ ಶುರು ಮಾಡೋದಾ ಭಟ್ರೇ? ಎಲೆ ಹಾಕೋದು ಮಧ್ಯಾಹ್ನ ಅಲ್ವಾ?" ಎಂದ ಸುಘೋಷ.

"ಇವತ್ತು ತಿಥಿ ಬೇಗ ಕಳೆಯುತ್ತೆ," ಎಂದರು ಭಟ್ಟರು. ಅದು ಎರಡನೆಯ ಸುಳ್ಳು.

ಪಿತೃಸ್ಥಾನಕ್ಕೆ ತಾವೇ ಕೂತರು. ಕೂತಲ್ಲಿಂದಲೇ ಮಂತ್ರ ಹೇಳಿಸಿದರು. ಸ್ಫೂರ್ತಿ ಬಡಿಸಿದಳು. ಬಾಳೆಕಾಯಿ ಪಲ್ಯ, ಹಾಗಲಕಾಯಿ ಗೊಜ್ಜು, ತೊವ್ವೆ, ವಡೆ, ಎಳ್ಳುಂಡೆ, ಗಸಗಸೆ ಪಾಯಸ. ಅಡಿಗೆ ಚೆನ್ನಾಗಿತ್ತು, ಇನ್ನೊಂದು ದಿನವಾಗಿದ್ದರೆ ಭಟ್ಟರು ಗೊಜ್ಜನ್ನು ಎರಡು ಸಲ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಆದರೆ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು. ಸಾರಿಗೆ ಅನ್ನ ಹಾಕುವ ಮೊದಲೇ ಅವರು ಸುಘೋಷನಿಗೆ ಕಣ್ಸನ್ನೆ ಮಾಡಿದರು. ಅವನಿಗೆ ಅರ್ಥವಾಗಲಿಲ್ಲ. "ಕೇಳಪ್ಪಾ, ತೃಪ್ತಿಯಾಯಿತೇ ಅಂತ ಕೇಳು," ಎಂದು ತಾವೇ ಹೇಳಿಕೊಟ್ಟರು.

ಸುಘೋಷ ತಬ್ಬಿಬ್ಬಾಗಿ ಕೇಳಿದ. ಭಟ್ಟರು "ತೃಪ್ತರಾದೆವು" ಎಂದು ಹೇಳಿ ಎದ್ದೇಬಿಟ್ಟರು. ಪಂಕ್ತಿಯಲ್ಲಿ ಒಬ್ಬರೆದ್ದ ಮೇಲೆ ಇನ್ನೊಬ್ಬರು ಕೂರುವಂತಿಲ್ಲ. ಉಪಾಧ್ಯರು ಪಾಯಸಕ್ಕೆ ಹಾಕಿದ್ದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದು, ಭಟ್ಟರ ಮುಖವನ್ನೊಮ್ಮೆ ನೋಡಿ, ಎದ್ದರು. ಸುಬ್ಬಲಕ್ಷ್ಮಿ ಬಾಗಿಲಿಂದ ಆ ಎಲೆಯನ್ನೇ ನೋಡುತ್ತಿದ್ದರು. ವಡೆ ಎರಡೂ ಹಾಗೇ ಇದ್ದವು. ಅನ್ನ ಅರ್ಧಕ್ಕರ್ಧ ಉಳಿದಿತ್ತು.

ಬಾಡಿಗೆ ಕಾರಿನಲ್ಲಿ ಕೂತು ಫೋನು ತೆರೆದಾಗ ಕವನಾಳ ಮೆಸೇಜು ಬಂದು ಬಿದ್ದಿತ್ತು. ವಿಮಾನ ಅಲ್ಲಿಂದಲೇ ತಡವಾಗಿ ಹೊರಡುತ್ತದಂತೆ, ಇಲ್ಲಿ ಬಿಡುವುದು ನಾಲ್ಕೂವರೆಗಂತೆ. ಅವರು ಎಲೆಯ ಮುಂದೆ ಕೂತಿದ್ದ ಹೊತ್ತಿಗೇ ಬಂದ ಮೆಸೇಜು. ಸೋಗಾನೆಯ ಕುರ್ಚಿಯಲ್ಲಿ ಭಟ್ಟರು ಎರಡು ಗಂಟೆಗೂ ಮೇಲೆ ಸುಮ್ಮನೆ ಕೂತರು. ಎದುರಿನ ಅಂಗಡಿಯಲ್ಲಿ ಪಫ್ಸು ಬಿಸಿ ಮಾಡುವ ವಾಸನೆ ಬರುತ್ತಿತ್ತು. ಹೊಟ್ಟೆ ಚುರುಗುಟ್ಟುತ್ತಿತ್ತು. ಮತ್ತೆ ಉಣ್ಣುವಂತಿಲ್ಲ ಎಂಬ ನಿಯಮ ಮಾತ್ರ ಆಗ ನೆನಪಾಯಿತು. ಅದನ್ನಾದರೂ ಪಾಲಿಸಿದೆ ಎಂದು ತಮಗೆ ತಾವೇ ಹೇಳಿಕೊಂಡರು. ಹೇಳಿಕೊಂಡಿದ್ದಕ್ಕೂ ನಾಚಿಕೆಯಾಯಿತು.

ಹೈದರಾಬಾದಿನಲ್ಲಿ ಎಲ್ಲ ಸುಸೂತ್ರವಾಗಿ ಆಯಿತು. ಶಾಲು ಹೊದಿಸಿದರು, ಕಾಲಿಗೆ ಬಿದ್ದರು, ಮುಂದಿನ ಸಲ ಮಗನ ಮುಂಜಿಗೂ ನೀವೇ ಬರಬೇಕು ಎಂದರು. ಭಟ್ಟರು ಊರಿಗೆ ವಾಪಸು ಬಂದಾಗ ಸೋಗಾನೆಯ ಎರಡು ಗಂಟೆ ಮರೆತೇ ಹೋಗಿತ್ತು. ಮೋಡದ ಮೇಲಿನ ಬಿಸಿಲು ಹೇಗಿರುತ್ತದೆಂದು ಗ್ರಂಥಿಗೆ ಅಂಗಡಿಯವನಿಗೆ ಕೈ ಆಡಿಸಿ ಆಡಿಸಿ ಹೇಳಿದರು.

ಒಂದು ವಾರ ಕಳೆದು, ಒಂದು ಬೆಳಿಗ್ಗೆ ಸುಬ್ಬಲಕ್ಷ್ಮಿ ಬಸ್ಸಿನಲ್ಲಿ ದುರ್ಗಿಗುಡಿಗೆ ಬಂದರು. ಕೈಯಲ್ಲಿ ಬಾಳೆಹಣ್ಣು. ಜಗಲಿಯಲ್ಲಿ ಕೂತಿದ್ದ ಮೇಷ್ಟ್ರಿಗೆ ನಮಸ್ಕಾರ ಮಾಡಿ, ವಿಮಲಾ ಕೊಟ್ಟ ಕಾಫಿಯನ್ನು ಕುಡಿಯದೆ ಪಕ್ಕಕ್ಕಿಟ್ಟರು. ಭಟ್ಟರು ಅಲ್ಲೇ ಪಂಚಾಂಗ ತಿರುವುತ್ತಿದ್ದವರು ಏಳಲೂ ಆಗದೆ ಕೂರಲೂ ಆಗದೆ ಉಳಿದರು.

"ಮೇಷ್ಟ್ರೇ, ನಮ್ಮನೇಲಿ ಅಪಚಾರ ಆಗಿಹೋಯ್ತು," ಎಂದರು ಸುಬ್ಬಲಕ್ಷ್ಮಿ. ಕಣ್ಣು ಆಗಲೇ ತುಂಬಿತ್ತು. "ಪಿತೃಸ್ಥಾನದ ಎಲೇಲಿ ಅನ್ನ ಅರ್ಧ ಉಳೀತು. ವಡೆ ಮುಟ್ಟಿದ್ದೂ ಇಲ್ಲ. ಅಂದ್ರೆ ನಮ್ಮನೆಯವರು ಉಣ್ಣಲಿಲ್ಲ. ಅಡಿಗೇಲಿ ಏನೋ ದೋಷ ಆಗಿದೆ. ನನ್ನ ಸೊಸೆ ಮಡಿಯಲ್ಲೇ ಮಾಡ್ದೆ ಅಂತಾಳೆ. ಏನು ಮುಟ್ಟಿದ್ಲೋ, ಏನು ಹಾಕಿದ್ಲೋ. ಈಗಿನವರು ನೋಡಿ, ಶಾಲೆ ಮನೆ ಅಂತ ಓಡಾಡೋರು. ಇದಕ್ಕೆ ಪ್ರಾಯಶ್ಚಿತ್ತ ಏನು, ಹೇಳಿ."

ಮೇಷ್ಟ್ರ ಹುಬ್ಬು ಗಂಟಾಯಿತು. "ಪಿತೃಸ್ಥಾನಕ್ಕೆ ಕೂತವರು ಯಾರು?"

"ಇವರೇ," ಎಂದು ಆಕೆ ಭಟ್ಟರ ಕಡೆ ಕೈ ತೋರಿಸಿದರು. "ಇವರೇ ಹೇಳಲಿ. ದಾಕ್ಷಿಣ್ಯ ಮಾಡ್ಕೋಬೇಡಿ ಭಟ್ರೇ. ಆ ಗೊಜ್ಜಿನಲ್ಲಿ ಏನಾದ್ರೂ ವ್ಯತ್ಯಾಸ ಇತ್ತಾ?"

ಒಂದು ಮಾತು ಸಾಕಿತ್ತು. ಇಲ್ಲಮ್ಮ, ಅಡಿಗೆ ಅಮೃತದಂತಿತ್ತು, ನನಗೆ ವಿಮಾನಕ್ಕೆ ಹೊತ್ತಾಗಿತ್ತು ಅಷ್ಟೇ. ಅದು ನಾಲಗೆಯ ತುದಿಯವರೆಗೂ ಬಂತು. ಎದುರಿಗೆ ಅಪ್ಪ. ಇಬ್ಬರೂ ಸಿಕ್ಕಿದಾರೆ ಎಂದು ಯಾವ ಬಾಯಲ್ಲಿ ಹೇಳಿದ್ದರೋ ಅದೇ ಬಾಯಿ.

"ಸ್ವಲ್ಪ... ಖಾರ ಮುಂದಿತ್ತೋ ಏನೋ," ಎಂದರು ಭಟ್ಟರು, ಪಂಚಾಂಗದಿಂದ ತಲೆಯೆತ್ತದೆ.

"ನೋಡಿದ್ರಾ! ನಾನು ಅಂದ್ಕೊಂಡೆ," ಎಂದು ಸುಬ್ಬಲಕ್ಷ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಯೋಚಿಸಿ ಹೇಳುತ್ತೇನೆ ಎಂದು ಮೇಷ್ಟ್ರು ಅವರನ್ನು ಕಳಿಸಿಕೊಟ್ಟರು. ಮಗನನ್ನು ಏನೂ ಕೇಳಲಿಲ್ಲ. ಆ ಮಧ್ಯಾಹ್ನ ಊಟಕ್ಕೆ ಕೂತಾಗ ಮಾತ್ರ, "ಇಬ್ಬರು ಸಿಕ್ಕಿದಾರೆ ಅಂದಿದ್ಯಲ್ಲ," ಎಂದರು.

"ಕೊನೇ ಗಳಿಗೇಲಿ ಒಬ್ಬರು ಕೈಕೊಟ್ಟರು ಅಪ್ಪ."

ಮೇಷ್ಟ್ರು ತಲೆಯಾಡಿಸಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ.

ವಿಷಯ ಬಯಲಾಗಿದ್ದು ಕೋಟೆಯ ದೇವಸ್ಥಾನದಲ್ಲಿ. ವಿಮಲಾ ಶನಿವಾರ ಹಣ್ಣುಕಾಯಿ ಮಾಡಿಸಲು ಹೋದವಳು ಪ್ರಾಕಾರದ ಕಟ್ಟೆಯ ಮೇಲೆ ಸ್ಫೂರ್ತಿಯನ್ನು ಕಂಡಳು. ಸ್ಫೂರ್ತಿಯ ತವರು ಮನೆ ಕೋಟೆಯಲ್ಲೇ, ದೇವಸ್ಥಾನದ ಬೀದಿಯಲ್ಲಿ. ತವರಿಗೆ ಬಂದು ಐದಾರು ದಿನವಾಯಿತಂತೆ, ಶಾಲೆಗೂ ಇಲ್ಲಿಂದಲೇ ಬಸ್ಸಿನಲ್ಲಿ ಓಡಾಡುತ್ತಾಳಂತೆ. ವಿಮಲಾ ಮನೆಗೆ ಬಂದವಳೇ ಕಾಯಿಯ ಬುಟ್ಟಿಯನ್ನು ದೇವರ ಮುಂದೆ ಇಡಲಿಲ್ಲ, ಜಗಲಿಯಲ್ಲೇ ದೊಪ್ಪೆಂದು ಇಟ್ಟಳು.

"ರೀ, ಶ್ರಾದ್ಧದ ಗೊಜ್ಜಿಗೆ ಖಾರ ಎಲ್ಲಿಂದ ಬಂತು?"

"ಯಾಕೆ?"

"ಯಾಕೆ ಅಂತೆ! ಆ ಹುಡುಗಿ ಅತ್ತುಕೊಂಡು ಕೂತಿದಾಳೆ. ನೀನು ಮೆಣಸಿನಪುಡಿ ಮುಟ್ಟಿದ ಕೈಯಲ್ಲೇ ಅಡಿಗೆ ಮಾಡಿದೀಯ, ನಿನ್ನಿಂದ ನನ್ನ ಗಂಡ ಉಪವಾಸ ಹೋದ ಅಂತ ಅತ್ತೆ ದಿನಾ ಅನ್ನೋದಂತೆ. ಸುಘೋಷ ಹೆಂಡತಿ ಪರ ಬಾಯಿ ಬಿಡಲ್ವಂತೆ. ಕೇಳಿದ್ರೆ ಭಟ್ರೇ ಹೇಳಿದಾರಲ್ಲ ಅನ್ನೋದೊಂದೇ ಮಾತಂತೆ. ನೀವು ಹೇಳಿದ್ದು ನಿಜಾನಾ? ನಾನು ಕಾಫಿ ಕೊಟ್ಟು ಅಲ್ಲೇ ನಿಂತಿದ್ನಲ್ಲ. ಅವತ್ತು ನಿಮ್ಮ ಮುಖ ನೋಡೇ ನಂಗೆ ಏನೋ ಅನ್ನಿಸಿತ್ತು."

"ಮೆಲ್ಲಗೆ ಮಾತಾಡು ಮಾರಾಯ್ತಿ."

"ಯಾಕೆ ಮೆಲ್ಲಗೆ? ಅಡಿಗೆ ಮಾಡಿ ಅನ್ನಿಸಿಕೊಳ್ಳೋದು ಏನು ಅಂತ ನಿಮಗೇನು ಗೊತ್ತು? ಖಾರ ಇತ್ತಾ, ಇಲ್ವಾ?"

ಕವನಾ ಒಳಗಿಂದ ಬಂದಳು. ಪಾಪದ ಹುಡುಗಿ, ಅಪ್ಪನನ್ನು ಉಳಿಸಲೆಂದೇ ಬಾಯಿ ಹಾಕಿದಳು. "ಅಮ್ಮ, ಅಪ್ಪಂಗೆ ಅವತ್ತು ಫ್ಲೈಟ್ ಟೆನ್ಷನ್ ಇತ್ತು. ಎರಡೂವರೆಗೆ ಅಂದ್ಕೊಂಡೇ ಊಟ ಬಿಟ್ಟು ಓಡಿದ್ದು. ಫ್ಲೈಟು ನಾಲ್ಕೂವರೆಗೆ ಅಂತ ನಾನು ಮೆಸೇಜ್ ಮಾಡಿದ್ದೆ, ಅವರು ನೋಡಿರಲಿಲ್ಲ ಅಷ್ಟೆ."

ಜಗಲಿಯ ಮೂಲೆಯಲ್ಲಿ ಎಲ್ಲ ಕೇಳಿಸಿಕೊಳ್ಳುತ್ತಿದ್ದ ಮೇಷ್ಟ್ರು ಕನ್ನಡಕ ತೆಗೆದರು.

"ಖಾರ ಇರಲಿಲ್ಲ ಅಲ್ವಾ?" ಎಂದರು.

"ಇರಲಿಲ್ಲ," ಎಂದರು ಭಟ್ಟರು.

"ಪಿತೃಸ್ಥಾನದಲ್ಲಿ ಉಂಡು ವಿಮಾನ ಹತ್ತಿದೆ."

"ಅಪ್ಪ, ನೋಡಿ, ಶಾಸ್ತ್ರ ಬರೆದಾಗ ಪ್ರಯಾಣ ಅಂದ್ರೆ ಏನಿತ್ತು? ಕಾಲ್ನಡಿಗೆ, ಎತ್ತಿನ ಗಾಡಿ. ದೇಹಕ್ಕೆ ಶ್ರಮ ಆಗಬಾರದು ಅಂತ ಆ ಮಾತು. ಇದು ಒಂದೂಕಾಲು ಗಂಟೆ. ಕೂತ ಕುರ್ಚಿಯಿಂದ ಎದ್ದಿಲ್ಲ ನಾನು. ಭದ್ರಾವತಿಯಿಂದ ಇಲ್ಲಿಗೆ ಬಸ್ಸಲ್ಲಿ ಬಂದ್ರೆ ಇದಕ್ಕಿಂತ ಮೈಕೈ ನೋವು."

"ದೂರ ಎಷ್ಟು?"

"ನಾನೂರ ಎಂಬತ್ತು ಕಿಲೋ..." ಭಟ್ಟರಿಗೆ ಅದನ್ನು ಪೂರ್ತಿ ಹೇಳಲಾಗಲಿಲ್ಲ.

"ಹೊತ್ತು ಕಡಿಮೆ ಅಂತೀಯಲ್ಲ, ದೂರ ಕಡಿಮೆ ಆಯ್ತಾ? ಬೇಡ ಬಿಡು, ನಿನ್ನ ಹತ್ರ ವಾದ ಮಾಡೋಕೆ ನಾನು ಕೂತಿಲ್ಲ. ಪ್ರಯಾಣ ಮಾಡಿದೆ, ಸಂಜೆ ಹೋಮಾನೂ ಮಾಡಿದೆ. ಅದೆಲ್ಲ ನಿನಗೂ ದೇವರಿಗೂ ಬಿಟ್ಟಿದ್ದು. ಅರ್ಧ ಉಂಡು ತೃಪ್ತಿಯಾಯ್ತು ಅಂದೆಯಲ್ಲೋ, ಸತ್ತವನ ಬಾಯಲ್ಲಿ ಸುಳ್ಳು ಹೇಳಿಸಿದೆಯಲ್ಲೋ. ಅದು ಸಾಲದು ಅಂತ ಒಂದು ಹೆಣ್ಣುಮಗಳ ತಲೆಗೆ ಕಟ್ಟಿದೆ. ನಾನು ಬರ್ತೀನಿ ಅಂದಿದ್ದೆ. ಯಾಕೆ ಬೇಡ ಅಂದೆ?"

ಭಟ್ಟರು ಕಾಯಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು.

"ನಾನು ಬೇಗ ಉಂಡು ಏಳಲ್ಲ ಅಂತ," ಎಂದು ಮೇಷ್ಟ್ರೇ ಉತ್ತರ ಹೇಳಿದರು. ಆ ಮುದುಕರಿಗೆ ಅಷ್ಟು ನೋವಾದದ್ದನ್ನು ವಿಮಲಾ ಅದುವರೆಗೆ ನೋಡಿರಲಿಲ್ಲ.

ಅಂದಿನಿಂದ ಊಟದ ಹೊತ್ತಿಗೆ ಮೇಷ್ಟ್ರು ಜಗಲಿ ಬಿಟ್ಟು ಏಳಲಿಲ್ಲ. ಕರೆದರೆ, "ಮೊದಲು ಅವನು ಉಂಡು ಏಳಲಿ. ನನ್ನಿಂದ ಅವನಿಗೆ ತಡ ಆಗಬಾರದು," ಎನ್ನುತ್ತಿದ್ದರು. ಕೋಪದಿಂದಲ್ಲ, ಬಸ್ಸಿನಲ್ಲಿ ಯಾರಿಗೋ ಜಾಗ ಬಿಟ್ಟುಕೊಡುವ ಹಾಗೆ. ವಿಮಲಾ ಎರಡೆರಡು ಸಲ ಬಡಿಸಬೇಕಾಯಿತು, ಎರಡೆರಡು ಸಲ ಸಾರು ಬಿಸಿ ಮಾಡಬೇಕಾಯಿತು. ಭಟ್ಟರು ಒಬ್ಬರೇ ತಟ್ಟೆಯ ಮುಂದೆ ಕೂತು ತಾವು ಅಗಿಯುವ ಸದ್ದನ್ನು ತಾವೇ ಕೇಳಿಸಿಕೊಂಡರು. ನಿಧಾನವಾಗಿ ಉಣ್ಣಲು ಪ್ರಯತ್ನಿಸಿದರೆ ಆಗುತ್ತಿರಲಿಲ್ಲ. ನಾಲ್ಕು ತುತ್ತಿಗೆ ಎದ್ದುಹೋಗಬೇಕೆನಿಸುತ್ತಿತ್ತು.

"ಫೋನ್ ಮಾಡಿ ಹೇಳಿಬಿಡ್ಲಾ?" ಎಂದರು ಮೂರನೆಯ ದಿನ ಹೆಂಡತಿಗೆ.

"ಫೋನಲ್ಲಿ ಹೇಳೋ ಮಾತೇನ್ರೀ ಇದು?"

"ಮನೆ ಬಿಟ್ಟುಹೋಗುತ್ತೆ ವಿಮಲಾ. ಅವರೊಬ್ಬರಲ್ಲ. ನ್ಯೂಟೌನಿನಲ್ಲಿ ಬಾಯಿಂದ ಬಾಯಿಗೆ ಹೋದ್ರೆ ಹತ್ತು ಮನೆ ಬಿಟ್ಟುಹೋಗುತ್ತೆ. ಅಪ್ಪನ ಕಾಲದಿಂದ ಬಂದ ಮನೆಗಳು."

"ಹೋಗ್ಲಿ. ಅವಳ ಮನೆ ಒಡೆದಿದೆಯಲ್ಲ, ಅದಕ್ಕೇನು ಹೇಳ್ತೀರಿ? ಮೊದಲು ಆ ಹುಡುಗಿ ಹತ್ರ ಹೋಗಿ. ಅನ್ನಿಸಿಕೊಂಡವಳು ಅವಳು."

ಮುಂದಿನ ಭಾನುವಾರ ಭಟ್ಟರು ಕೋಟೆಗೆ ಹೋದರು. ಸ್ಫೂರ್ತಿ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು. ಅವರನ್ನು ಕಂಡು ಕೂರಿ ಎನ್ನಲಿಲ್ಲ. ಭಟ್ಟರು ನಿಂತೇ ಹೇಳಿದರು. ಹೇಳುವಾಗ ಸೂತಕದ ಮನೆಯ ಬಾಗಿಲಲ್ಲಿ ನಿಂತವರಂತೆ ಹೆಗಲ ಮೇಲಿನ ಶಾಲನ್ನು ಕೈಗೆ ತೆಗೆದುಕೊಂಡಿದ್ದರು.

ಸ್ಫೂರ್ತಿ ಕೊನೆಯ ಬಟ್ಟೆಗೆ ಕ್ಲಿಪ್ಪು ಹಾಕುವವರೆಗೂ ತಿರುಗಲಿಲ್ಲ. "ಅಡಿಗೆ ಚೆನ್ನಾಗಿತ್ತಾ?" ಎಂದು ಕೇಳಿದಳು.

"ಚೆನ್ನಾಗಿತ್ತಮ್ಮ."

"ನಾನು ನಸುಕಲ್ಲೇ ಎದ್ದು ಚಳೀಲಿ ನಡುಗಿಕೊಂಡು ಮಾಡಿದ್ದು. ಮಾವ ಅಂದ್ರೆ ನಂಗೆ ನಮ್ಮಪ್ಪನ ಹಾಗೆ. ನೀವು ಇಲ್ಲಿ ಬಂದು ನನ್ನೆದುರು ಹೇಳಿ ಏನು ಪ್ರಯೋಜನ? ನಂಗೆ ಗೊತ್ತಿರೋದನ್ನೇ ಹೇಳ್ತಿದೀರಿ. ಅತ್ತೆ ಎದುರು ಹೇಳಿ. ನಡೀರಿ, ನಾನೂ ಬರ್ತೀನಿ."

"ಈಗಲೇ?"

"ಮತ್ತೆ ಯಾವಾಗ? ಮುಂದಿನ ವಿಮಾನಕ್ಕಾ?"

ಭದ್ರಾವತಿಯ ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು, ಭಟ್ಟರು ಹಿಂದೆ ಕಂಬಿ ಹಿಡಿದು ನಿಂತರು. ಪರಿಚಯದವರೊಬ್ಬರು, "ಏನು ಭಟ್ರೇ, ನೆಲದ ಮೇಲೆ ಓಡಾಡ್ತಿದೀರಿ!" ಎಂದು ನಕ್ಕರು. ಭಟ್ಟರಿಗೆ ನಗಲಾಗಲಿಲ್ಲ. ಬಸ್ಸು ಎಂದಿನಂತೆ ಕಂಡಕಂಡಲ್ಲಿ ನಿಂತು ಜನ ಹತ್ತಿಸಿಕೊಂಡಿತು. ಇನ್ನಷ್ಟು ನಿಲ್ಲಲಿ, ತಲುಪುವುದೇ ಬೇಡ ಎಂದು ಅವರ ಮನಸ್ಸು ಹಂಬಲಿಸಿತು.

ಸುಬ್ಬಲಕ್ಷ್ಮಿ ಸೊಪ್ಪು ಬಿಡಿಸುತ್ತಿದ್ದರು. ಸುಘೋಷ ಅಡಿಗೆಮನೆಯಲ್ಲಿ ಕುಕ್ಕರಿನ ಜೊತೆ ಒದ್ದಾಡುತ್ತಿದ್ದವನು ಹೆಂಡತಿಯನ್ನು ಕಂಡು ಹೊರಗೆ ಬಂದ. ಅತ್ತೆಯ ಮುಖ ಸೊಸೆಯನ್ನು ಕಂಡು ಬಿಗಿಯಿತು, ಹಿಂದೆಯೇ ಭಟ್ಟರನ್ನು ಕಂಡು ಗೊಂದಲಗೊಂಡಿತು.

"ಅಮ್ಮ, ಅಡಿಗೇಲಿ ಏನೂ ದೋಷ ಇರಲಿಲ್ಲ," ಎಂದರು ಭಟ್ಟರು. ಈ ಸಲ ತಲೆ ತಗ್ಗಿಸಲಿಲ್ಲ, ತಗ್ಗಿಸಿದರೆ ಮುಗಿಸಲಾರೆನೆಂದು ಗೊತ್ತಿತ್ತು. "ಖಾರ ಅಂದಿದ್ದು ಸುಳ್ಳು. ತಿಥಿ ಬೇಗ ಕಳೆಯುತ್ತೆ ಅಂದಿದ್ದೂ ಸುಳ್ಳು. ನಾನು ಹೈದರಾಬಾದಿನ ವಿಮಾನಕ್ಕೆ ಹೊತ್ತಾಯ್ತು ಅಂತ ಎದ್ದೆ. ಅಪ್ಪ ಕೂರ್ತೀನಿ ಅಂದಿದ್ರು, ಅವರು ಬಂದ್ರೆ ತಡ ಆಗುತ್ತೆ ಅಂತ ಬಿಟ್ಟು ಬಂದೆ. ಕೊನೆಗೆ ಆ ವಿಮಾನಾನೂ ತಡವಾಗೇ ಹೋಯ್ತು. ಈ ಮಗುವಿನ ತಪ್ಪು ಏನೇನೂ ಇಲ್ಲ. ಮುಂದಿನ ಅಮಾವಾಸ್ಯೆಗೆ ಮತ್ತೆ ಮಾಡಬಹುದು ಅಂತ ಶಾಸ್ತ್ರ ಇದೆ. ಅಪ್ಪನೇ ಬಂದು ಕೂರ್ತಾರೆ. ನಾನು ಬರಬೇಕೋ ಬೇಡವೋ, ನೀವು ಹೇಳಿದ ಹಾಗೆ."

ಬ್ರಾಹ್ಮಣಾರ್ಥಕ್ಕೆ ಕೂತವನನ್ನು ಗದರಿಸುವ ಮನೆಯಲ್ಲ ಅದು. ಸುಘೋಷ ಒಂದು ಹೆಜ್ಜೆ ಮುಂದೆ ಬಂದು, ಹಾಗೇ ನಿಂತ. ಅವನ ಕಣ್ಣು ಭಟ್ಟರ ಮೇಲಿರಲಿಲ್ಲ, ಹೆಂಡತಿಯ ಮೇಲಿತ್ತು. ಸುಬ್ಬಲಕ್ಷ್ಮಿ ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿ, ಕಷ್ಟಪಟ್ಟು ಎದ್ದು, ಸೊಸೆಯ ಎರಡೂ ಕೈ ಹಿಡಿದುಕೊಂಡರು.

"ನಂದು ತಪ್ಪಾಯ್ತು ಕಣೇ. ನಿನ್ನ ಮಾತು ಕೇಳದೆ ಬೇರೆಯವರ ಮಾತು ಕೇಳಿದೆ."

ಸ್ಫೂರ್ತಿ ಕೈ ಬಿಡಿಸಿಕೊಳ್ಳಲಿಲ್ಲ. ಹಾಗೆಂದು ಆಯಿತು ಬಿಡಿ ಎಂದೂ ಹೇಳಲಿಲ್ಲ. ಅತ್ತೆ ಕೈ ಬಿಟ್ಟ ಮೇಲೆ ಒಳಗೆ ಹೋದಳು. ಸುಘೋಷ ಅವಳ ಹಿಂದೆಯೇ ಹೋದ.

ಸುಬ್ಬಲಕ್ಷ್ಮಿ ಮತ್ತೆ ಕೂತರು. ಸೊಪ್ಪಿನ ಮೊರವನ್ನು ಹತ್ತಿರಕ್ಕೆ ಎಳೆದುಕೊಂಡು ಮಾತಾಡಿದರು.

"ನಮ್ಮನೆಯವರು ಕಬ್ಬಿಣದ ಕಾರ್ಖಾನೆಗೆ ಸೇರಿದ ದಿನದಿಂದ ಸೈರನ್ನಿಗೆ ಕಿವಿ ಕೊಟ್ಕೊಂಡೇ ಉಂಡವರು. ಬಿಸಿ ಅನ್ನ ಊದಿಕೊಂಡು ಊದಿಕೊಂಡು ಎರಡು ತುತ್ತು ತಿನ್ನೋದು, ಕೂಗಿತು ಅಂದ್ರೆ ಎದ್ದು ಸೈಕಲ್ ಹತ್ತೋದು. ಮದುವೆಯಾದ ಲಾಗಾಯ್ತಿಂದ ನಾನು ಅವರ ಎಲೇಲಿ ಬಿಟ್ಟ ಅನ್ನಾನೇ ನೋಡಿದ್ದು. ರಿಟೈರಾದ ಮೇಲೆ ಕೂತು ಉಣ್ತೀನಿ ಕಣೇ ಅಂತಿದ್ರು. ರಿಟೈರಾದ ವರ್ಷವೇ ಗಂಟಲಿಗೆ ಕ್ಯಾನ್ಸರ್ ಬಂತು. ಕೊನೇವರೆಗೂ ಟ್ಯೂಬಲ್ಲಿ ಗಂಜಿ. ವರ್ಷಾಬ್ದಿಕದ ದಿನ ಆದ್ರೂ ಆರಾಮಾಗಿ ಕೂತು ಉಣ್ಣಲಿ ಅಂತಿತ್ತು ನಂಗೆ."

ಭಟ್ಟರು ನಿಂತಿದ್ದರು. ಈಗ ಅವರ ತಲೆ ತಾನೇ ಬಗ್ಗಿತ್ತು.

"ಹೈದರಾಬಾದಿಗೆ ಎಷ್ಟು ಹೊತ್ತು ಭಟ್ರೇ, ವಿಮಾನದಲ್ಲಿ?"

ಇಡೀ ಗಾಂಧಿ ಬಜಾರಿಗೆ ಕೂಗಿ ಹೇಳಿದ್ದ ಮಾತು ಬಾಯಿಂದ ಹೊರಡಲು ಒದ್ದಾಡಿತು. "ಒಂದೂಕಾಲು ಗಂಟೆ."

"ಬಸ್ಸಿಗಾದ್ರೆ?"

"ರಾತ್ರಿಯಿಡೀ ಆಗುತ್ತೆ. ಹನ್ನೆರಡು ಗಂಟೆ ಹತ್ರ ಹತ್ರ."

ಆಕೆ ಬೆರಳು ಮಡಚಿ ಲೆಕ್ಕ ಹಾಕಿದರು. "ಹಾಗಾದ್ರೆ ಹತ್ತು ಗಂಟೆ ಮೇಲೇ ಉಳೀತು ನಿಮಗೆ."

"ಹೂಂ."

"ಅದರಲ್ಲಿ ಅರ್ಧ ಗಂಟೆ ಅವರ ಊಟಕ್ಕೆ ಕೊಡೋಕೆ ಆಗ್ಲಿಲ್ವಾ?"

ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಭಟ್ಟರು ತಡೆದುಕೊಳ್ಳುತ್ತಿದ್ದರು. ಆಕೆ ನಿಜವಾಗಿಯೂ ಕೇಳುತ್ತಿದ್ದರು. ಮೇಷ್ಟ್ರ ಮಗ, ಓದಿಕೊಂಡವರು, ಏನಾದರೂ ಕಾರಣ ಹೇಳಿಯಾರು ಎಂದು ಅವರ ಮುಖವನ್ನೇ ನೋಡುತ್ತ ಕಾಯುತ್ತಿದ್ದರು. ಒಳಗೆ ಕುಕ್ಕರು ಕೂಗಿತು, ಯಾರೋ ಒಲೆ ಆರಿಸಿದರು. ಆಕೆ ಇನ್ನೂ ಕಾಯುತ್ತಲೇ ಇದ್ದರು.